ಗಂಡಸರ ಪಾಲು, ಹೆಂಗಸರ ಪಾಲು

ಬೆಳಿಗ್ಗೆ ಹಲ್ಲುಜ್ಜುತ್ತಾ ಬಾಗಿಲಿಗೆ ಬಂದವನಿಗೆ ಬೀದಿಯಲ್ಲಿ ಹೆಂಗಸರ ಗುಂಪು ಕಂಡಿತು. ನಮ್ಮೂರಿನಲ್ಲಿ ಬೆಳಗಿನ ಹೊತ್ತು ಕಾರಿನ ಸುತ್ತ ನಿಂತು ತಲೆ ಕೆಡಿಸಿಕೊಳ್ಳುವುದು ಗಂಡಸರ ಕೆಲಸ. ಹೆಂಗಸರು ಹಾಗೆ ನಿಂತಿದ್ದಾರೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಬಗ್ಗಿ ನೋಡಿದೆ. ಎದುರು ಮನೆಯ ನಾಗರತ್ನಮ್ಮನ ಹೊಸ ಬಿಳಿ ಕಾರಿನ ಎಡಬಾಗಿಲ ಮೇಲೆ ಬೆರಳುದ್ದದ ನೀಲಿ ಗೀರು. ಪಕ್ಕದ ಮನೆಯ ಟೀಚರಮ್ಮನ ಕಾರಿಗೂ ಅದೇ ಗೀರು. ಬೀದಿಯುದ್ದಕ್ಕೂ ಹೆಂಗಸರ ಕಾರುಗಳಿಗೆಲ್ಲ ಒಂದೇ ಜಾಗದಲ್ಲಿ ಒಂದೇ ಬಣ್ಣ. ಊರಿನಲ್ಲಿ ಆ ನೀಲಿ ಇರುವುದು ಹಾಲಿನ ಬೂತಿನ ಬಾಗಿಲಿಗೆ ಮಾತ್ರ. ಹಿಂದಿನ ದಿನ ಮಧ್ಯಾಹ್ನ ಆ ಬಾಗಿಲನ್ನು ಸವರಿಕೊಂಡು ಹೋದ ಹೆಂಗಸು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗಂತೂ ಚೆನ್ನಾಗಿಯೇ ಗೊತ್ತಿತ್ತು, ಏಕೆಂದರೆ ಅವಳು ಆ ಬೆಳಿಗ್ಗೆ ನಮ್ಮ ಹಿತ್ತಲಿನಲ್ಲಿ ಏನೂ ಆಗದವಳ ಹಾಗೆ ಒಗ್ಗರಣೆ ಹಾಕುತ್ತಿದ್ದಳು. ಅವಳು ನನ್ನ ಅಕ್ಕ ಕುಸುಮಾವತಿ.

ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ನಮ್ಮೂರಿನಲ್ಲಿ ಒಬ್ಬ ಗಂಡಸು ಕಾರನ್ನು ಎಲ್ಲಿಗಾದರೂ ಗುದ್ದಿದರೆ ಆ ಡೆಂಟು ಸಂಜೆಯವರೆಗೆ ಮಾತ್ರ ಅವನ ಕಾರಿನಲ್ಲಿರುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಊರಿನ ಗಂಡಸರ ಕಾರುಗಳಿಗೆಲ್ಲ ಚೂರು ಚೂರಾಗಿ ಹಂಚಿಹೋಗಿರುತ್ತದೆ. ಹೆಂಗಸು ಗುದ್ದಿದರೆ ಹೆಂಗಸರ ಕಾರುಗಳಿಗೆ. ಇದಕ್ಕೆ ನಾವು ಪಾಲು ಎನ್ನುತ್ತೇವೆ. ಬೇರೆ ಊರುಗಳಲ್ಲಿ ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳುತ್ತಾರಲ್ಲ, ನಮ್ಮಲ್ಲಿ ಬೆಳಿಗ್ಗೆ ಎದ್ದು ಪಾಲು ಬಂತೇ ಎಂದು ಕೇಳುತ್ತಾರೆ. ಹಿಂದೊಮ್ಮೆ ಪಟ್ಟಣದಿಂದ ವಿಮೆ ಏಜೆಂಟರೊಬ್ಬರು ಬಂದಿದ್ದರು. ವರ್ಷಾವರ್ಷ ಒಂದಿಷ್ಟು ಹಣ ಕಟ್ಟಿ, ಒಬ್ಬರ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದೇ ಕಾರಿನ ವಿಮೆ ಎಂದು ಬಹಳ ಚೆನ್ನಾಗಿ ವಿವರಿಸಿದರು. ಗಂಡಸರ ಸಂಘದ ಅಧ್ಯಕ್ಷರಾದ ಎಣ್ಣೆ ಅಂಗಡಿಯ ರುದ್ರಾರಾಧ್ಯರು ಎಲ್ಲವನ್ನೂ ಕೇಳಿಸಿಕೊಂಡು, "ಅದನ್ನ ನಮ್ಮ ತಗಡೇ ಮಾಡ್ಕೊಳ್ಳತ್ತೆ ಸ್ವಾಮಿ, ಮಧ್ಯ ನೀವ್ಯಾಕೆ" ಎಂದು ಕಾಫಿ ಕುಡಿಸಿ ಕಳಿಸಿದರು. ಏಜೆಂಟರು ಬಸ್ಸು ಹತ್ತುವ ಮುಂಚೆ, ಈ ಊರಿನ ಕಾರುಗಳಲ್ಲಿ ಕೆಲವಕ್ಕೆ ಸಿಡುಬು ಬಂದ ಹಾಗಿದೆ, ಕೆಲವು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿವೆ, ಯಾಕೆ ಎಂದು ಕೇಳಿದರಂತೆ. ಅವು ಗಂಡಸರವು, ಇವು ಹೆಂಗಸರವು ಎಂದು ಕಂಡಕ್ಟರ್ ಹೇಳಿದನಂತೆ.

ಅದು ನಿಜವೇ. ಗಂಡಸರಿಗೆ ತಿಂಗಳಿಗೆ ನಾಲ್ಕಾರು ಸಲ ಪಾಲು ಬರುತ್ತಿತ್ತು. ಕೆರೆ ಏರಿಯ ಮೇಲೆ ಪಂದ್ಯ ಕಟ್ಟಿ ಓಡಿಸುವ ಹುಡುಗರದ್ದು, ಫೋನಿನಲ್ಲಿ ಜಗಳವಾಡುತ್ತಾ ಓಡಿಸುವ ಕಂಟ್ರಾಕ್ಟರದ್ದು, ಬೀಗರೂಟ ಮುಗಿಸಿ ತೂಕಡಿಸುತ್ತಾ ಬಂದವರದ್ದು, ಎಲ್ಲ ಸೇರಿ. ಇನಾಯತನ ಟಿಂಕರಿಂಗ್ ಶೆಡ್ಡು ನಡೆಯುತ್ತಿದ್ದುದೇ ಗಂಡಸರಿಂದ. ಹೆಂಗಸರಿಗೆ ಪಾಲು ಬರುತ್ತಿದ್ದುದು ವರ್ಷಕ್ಕೆ ಮೂರೋ ನಾಲ್ಕೋ. ಕಾರು ಮಾರುವಾಗ ಹೆಂಗಸರು ಓಡಿಸಿದ ಗಾಡಿ ಎಂದರೆ ಸಾಕು, ಕೊಳ್ಳುವವರು ಸುತ್ತ ತಿರುಗಿಯೂ ನೋಡುತ್ತಿರಲಿಲ್ಲ. ಹೆಂಗಸರು ಗಾಡಿ ಹೊರಗೆ ತೆಗೆಯುವುದೇ ಕಡಿಮೆ, ಅದಕ್ಕೇ ಎಂದು ಗಂಡಸರು ಹೇಳುತ್ತಿದ್ದರು. ನಾವು ಕಣ್ಣು ಬಿಟ್ಟುಕೊಂಡು ಓಡಿಸುತ್ತೇವೆ, ಅದಕ್ಕೆ ಎಂದು ಹೆಂಗಸರು. ನನಗೆ ಕಂಡದ್ದು ಬೇರೆ. ಒಬ್ಬ ಗಂಡಸು ಗುದ್ದಿದರೆ ಉಳಿದವರು ಅವನ ಬೆನ್ನು ತಟ್ಟಿ, ಬಿಡೋ, ಆಗೋದೇ ಎನ್ನುತ್ತಿದ್ದರು. ಒಬ್ಬ ಹೆಂಗಸು ಗುದ್ದಿದರೆ ಉಳಿದವರು ಅವಳ ಮನೆ ಬಾಗಿಲಿಗೆ ಹೋಗುತ್ತಿದ್ದರು. ವರ್ಷದೊಳಗೆ ಮೂರು ಸಲ ಪಾಲು ಹಂಚಿದವಳು ಕೀಯನ್ನು ಹೆಂಗಸರ ಸಂಘಕ್ಕೆ ಒಪ್ಪಿಸಿ, ಇನ್ನೊಂದು ವರ್ಷ ಸ್ಟೇರಿಂಗ್ ಮುಟ್ಟದೆ ಇರಬೇಕು. ಇದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸಂಘದ ಅಧ್ಯಕ್ಷೆ ಲೋಲಾಕ್ಷಮ್ಮನವರು ಬಾಯಲ್ಲಿ ಹೇಳಿದ್ದರು, ಅಷ್ಟು ಸಾಕಾಗಿತ್ತು.

ಗಂಡಸರು ಸುಮ್ಮನೆ ಕೂತವರಲ್ಲ. ಸಂಜೆ ಕೊನೆಗೆ ಯಾರು ಓಡಿಸಿ ನಿಲ್ಲಿಸುತ್ತಾರೋ ರಾತ್ರಿಯ ಮಟ್ಟಿಗೆ ಕಾರು ಅವರ ಲೆಕ್ಕ ಎಂಬುದು ಗೊತ್ತಾದ ಮೇಲೆ, ಗೇಟಿನ ಹತ್ತಿರ ಇಳಿದು ಹೆಂಡತಿಯನ್ನು ಕೂಗಲು ಶುರುಮಾಡಿದರು. ಹೆಂಡತಿ ಒಲೆ ಆರಿಸಿ ಬಂದು ಕಾರನ್ನು ಒಳಗೆ ಹಾಕಿದರೆ ಬೆಳಿಗ್ಗೆ ಗಂಡಸರ ಪಾಲು ತಪ್ಪುತ್ತಿತ್ತು. ಆದರೆ ಗಾಡಿಯ ಅಭ್ಯಾಸವೇ ಇಲ್ಲದವರೂ ಹೀಗೆ ಸೆರಗು ಸಿಕ್ಕಿಸಿಕೊಂಡು ಹತ್ತಿದ್ದರಿಂದ ತುಳಸಿಕಟ್ಟೆ, ನಲ್ಲಿ, ಬಚ್ಚಲ ಗೋಡೆ ಎಲ್ಲಕ್ಕೂ ಏಟು ಬಿದ್ದು ಹೆಂಗಸರ ಕಾರುಗಳಿಗೂ ಸಿಡುಬು ಏಳತೊಡಗಿತು. ಲೋಲಾಕ್ಷಮ್ಮ ಒಂದೇ ವಾರದಲ್ಲಿ ಅದನ್ನು ನಿಲ್ಲಿಸಿದರು. ಗಂಡನ ಗಾಡಿ ಗಂಡನೇ ಹಾಕಿಕೊಳ್ಳಲಿ ಎಂದು ಆಜ್ಞೆಯಾಯಿತು. ಆ ವಾರ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರು ಮಾತು ಬಿಟ್ಟಿದ್ದರು.

ನನಗೆ ಹೆಂಡತಿಯೂ ಇಲ್ಲ, ಆ ಅನುಕೂಲವೂ ಇರಲಿಲ್ಲ. ನಾನು ಧರಣೇಂದ್ರ, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಕಾರನ್ನು ಎಲ್ಲಿಗೂ ಗುದ್ದಿದವನಲ್ಲ. ರಿವರ್ಸ್ ತೆಗೆಯುವ ಮುಂಚೆ ಇಳಿದು ಹಿಂದೆ ಹೋಗಿ ನೋಡಿ ಬರುತ್ತೇನೆ, ಅರ್ಧ ತೆಗೆದ ಮೇಲೆ ಇನ್ನೊಮ್ಮೆ ಇಳಿಯುತ್ತೇನೆ. ದಾರಿಯಲ್ಲಿ ನಾಯಿ ಮಲಗಿದ್ದರೆ ಅದು ಏಳುವವರೆಗೆ ಕಾಯುತ್ತೇನೆ. ಶಾಲೆಗೆ ಹೋಗುವ ಮಕ್ಕಳು ನಡೆದುಕೊಂಡೇ ನನ್ನ ಕಾರನ್ನು ಹಿಂದೆ ಹಾಕುತ್ತಾರೆ. ಇಷ್ಟಾದರೂ ನನ್ನ ಕಾರು ನೋಡಿದವರಿಗೆ ಅದರೊಳಗಿಂದ ಕುಡುಕನೇ ಇಳಿಯಬೇಕು ಅನ್ನಿಸುತ್ತಿತ್ತು. ಮಾಡದ ತಪ್ಪಿನ ಗುರುತನ್ನು ಹೊತ್ತುಕೊಂಡು ತಿರುಗುವುದು ನನಗೆ ನಿಜವಾಗಿಯೂ ಅವಮಾನವಾಗುತ್ತಿತ್ತು. ಅಕ್ಕನ ಹತ್ತಿರ ಹೇಳಿಕೊಂಡರೆ, "ಅದು ತಗಡು ಕಣೋ, ನಿನ್ನ ಮುಖ ಅಲ್ಲ" ಎನ್ನುತ್ತಿದ್ದಳು.

ಅಕ್ಕ ನನಗೆ ಪೂರಾ ಉಲ್ಟಾ. ಭಾವ ಹೋದ ಮೇಲೆ ಅವಳು ನನ್ನ ಮನೆಗೆ ಬಂದು, ಹಿತ್ತಲಿನ ಶೆಡ್ಡನ್ನೇ ಅಡುಗೆಮನೆ ಮಾಡಿಕೊಂಡು, ಮೂವರು ಹೆಂಗಸರನ್ನು ಸೇರಿಸಿಕೊಂಡು ಮದುವೆ, ನಾಮಕರಣಗಳಿಗೆ ಊಟ ಕಳಿಸುವ ಕೆಲಸ ಶುರುಮಾಡಿದಳು. ಅವಳ ಹುಳಿ ಸುತ್ತಮುತ್ತ ಹೆಸರಾಗಿತ್ತು. ಒಲೆಯಿಂದ ಇಳಿದ ಹುಳಿ ಎಲೆಗೆ ಬೀಳುವಾಗಲೂ ಹೊಗೆಯಾಡುತ್ತಿರಬೇಕು ಎಂಬುದು ಅವಳ ಹಠ, ಅದಕ್ಕಾಗಿ ಊಟ ಸಾಗಿಸುವ ತನ್ನ ವ್ಯಾನನ್ನು ಅವಳು ಓಡಿಸುತ್ತಿರಲಿಲ್ಲ, ಅಟ್ಟುತ್ತಿದ್ದಳು. ಒಮ್ಮೆ ಡ್ರೈವರನ್ನು ಇಟ್ಟು ನೋಡಿದಳು. ಅವನು ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿ ಹರಟೆಗೆ ಕೂತ. ಪಾಯಸ ಗಟ್ಟಿಯಾಗಿ ಬೀಗರು ಅದನ್ನು ಕತ್ತರಿಸಿ ತಿನ್ನಬೇಕಾಯಿತು. ಅವತ್ತಿನಿಂದ ಕೀ ಅವಳ ಸೊಂಟದಲ್ಲೇ ಇತ್ತು. ಆದರೆ ಹುಳಿಯೊಂದೇ ಕಾರಣವಲ್ಲ. "ಓಡ್ಸೋದು ನಂಗೆ ಇಷ್ಟ ಕಣೋ ಧರಣಿ. ಸ್ಟೇರಿಂಗ್ ಹಿಡ್ಕೊಂಡಾಗ ಯಾರ ಮಾತೂ ಕಿವಿಗೆ ಬೀಳಲ್ಲ" ಎಂದು ಒಮ್ಮೆ ಹೇಳಿದ್ದಳು. ಭಾವ ಇದ್ದಷ್ಟು ದಿನ ಅವಳಿಗೆ ಕಾರಿನ ಮುಂದಿನ ಸೀಟು ಕೂಡ ಸಿಕ್ಕಿರಲಿಲ್ಲ.

ಹಾಲಿನ ಬೂತಿನ ನೀಲಿ ಗೀರು ಆ ವರ್ಷದಲ್ಲಿ ಅವಳು ಹಂಚಿದ ಮೂರನೆಯ ಪಾಲು. ತಿಂಡಿ ಮುಗಿಯುವಷ್ಟರಲ್ಲಿ ಲೋಲಾಕ್ಷಮ್ಮನವರು ನಾಗರತ್ನಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಲೋಲಾಕ್ಷಮ್ಮ ರಿಟೈರ್ ಆದ ಹೆಡ್ಮಿಸ್ಟ್ರೆಸ್ಸು, ನನಗೂ ಅಕ್ಕನಿಗೂ ಮಗ್ಗಿ ಕಲಿಸಿದವರು. ಅಕ್ಕ ಕಾಫಿ ಕೊಟ್ಟಳು. ಅವರು ಲೋಟ ಖಾಲಿ ಮಾಡಿ ಕೆಳಗಿಟ್ಟರು.

"ಕಾಫಿ ಚೆನ್ನಾಗಿದೆ ಕುಸುಮಾ. ಕೀ ಕೊಡು" ಎಂದರು.

"ಮೇಡಂ, ಮುಂದಿನ ತಿಂಗಳು ರೈಸ್ ಮಿಲ್ಲಿನವರ ಮನೆ ಮದುವೆ ಒಪ್ಕೊಂಡಿದೀನಿ. ಅವರು ಅಡ್ವಾನ್ಸೂ ಕೊಟ್ಟಾಗಿದೆ."

"ಡ್ರೈವರ್ ಇಟ್ಕೋ."

"ಡ್ರೈವರ್ ಇಟ್ಟು ಆದ ಮರ್ಯಾದೆ ನಿಮಗೂ ಗೊತ್ತಲ್ಲ. ಆ ಪಾಯಸ ನೀವೂ ತಿಂದಿದ್ರಿ."

ಲೋಲಾಕ್ಷಮ್ಮನವರಿಗೆ ಪಾಯಸ ನೆನಪಾಯಿತು ಎಂದು ಮುಖದಲ್ಲೇ ಕಂಡಿತು. ನಾಗರತ್ನಮ್ಮ ಮಾತ್ರ ಬಿಡಲಿಲ್ಲ. "ನಮ್ಮನೆಯವರು ಕಾರು ಕೊಡ್ಸಿದ್ದೇ ಮೊನ್ನೆ ಮೊನ್ನೆ ಕುಸುಮಕ್ಕ. ನಾನು ಹಾಲಿನ ಬೂತ್ ಬಣ್ಣ ಹಚ್ಕೊಂಡು ತಿರುಗಬೇಕಾ?"

"ನಂದೇ ತಪ್ಪು, ಇಲ್ಲ ಅನ್ನಲ್ಲ" ಎಂದಳು ಅಕ್ಕ. "ಆದ್ರೆ ಕೀ ಕೊಟ್ರೆ ಅಡುಗೆಮನೆ ಮುಚ್ಚಬೇಕು. ಒಲೆ ಮುಂದೆ ಇರೋ ಆ ಮೂರು ಜನಕ್ಕೆ ಏನು ಹೇಳ್ಲಿ?"

"ನಿನಗೊಬ್ಬಳಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ. ನಮ್ಮ ಗಾಡಿಗಳು ಹೊಳೀತಿರೋದು ಹಣೆಬರಹದಿಂದಲ್ಲ ಕುಸುಮಾ, ನಾವು ಕಟ್ಟುನಿಟ್ಟಾಗಿ ನಡ್ಕೊಂಡು ಬಂದಿರೋದ್ರಿಂದ" ಎಂದರು ಲೋಲಾಕ್ಷಮ್ಮ.

ಅಕ್ಕನ ಕೈ ಸೊಂಟಕ್ಕೆ ಹೋಯಿತು. ಕುದಿಯುವ ಹಂಡೆಯನ್ನು ಬರಿ ಬಟ್ಟೆಯಲ್ಲಿ ಹಿಡಿದು ಇಳಿಸುವ ಆ ಕೈ ಕೀಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಅಲ್ಲಿ ನಿಲ್ಲಲಾಗದೆ ಅಂಗಡಿಗೆ ಹೊರಟು ಕಾರು ಹತ್ತಿದೆ. ಇಳಿದು ಹಿಂದೆ ನೋಡಿದೆ, ಹತ್ತಿದೆ, ಸ್ವಲ್ಪ ತೆಗೆದೆ, ಮತ್ತೆ ಇಳಿದೆ. ನಾಯಿಯೊಂದು ಅಡ್ಡ ಬಂದು ಮೈ ಕೆರೆದುಕೊಳ್ಳುತ್ತಾ ಕೂತಿತು, ಕಾದೆ. ಲೋಲಾಕ್ಷಮ್ಮನವರು ಕಿಟಕಿಯಿಂದ ಅಷ್ಟನ್ನೂ ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ನೀನು ಯಾವತ್ತಾದ್ರೂ ಗುದ್ದಿದೀಯೇನೋ?"

"ಇಲ್ಲ ಮೇಡಂ. ಒಂದ್ಸಲ ಒಂದು ಎಮ್ಮೆ ಬಂದು ನನ್ನ ಕಾರಿಗೆ ಗುದ್ದಿತ್ತು."

ಅವರು ನಾಗರತ್ನಮ್ಮನ ಮುಖ ನೋಡಿದರು. "ಪಾಲಿನ ಲೆಕ್ಕಕ್ಕೆ ಇವನನ್ನ ನಾವು ತಗೊಂಡು, ಇವಳನ್ನ ಗಂಡಸರಿಗೆ ಕೊಟ್ಬಿಟ್ರೆ ಹೇಗೆ?"

ನಮ್ಮೂರಿನ ಚರಿತ್ರೆಯಲ್ಲಿ ಅಂಥದ್ದು ಆಗಿರಲಿಲ್ಲ. ಆಗಬಾರದು ಎಂದೂ ಯಾರೂ ಹೇಳಿರಲಿಲ್ಲ. ಭಾನುವಾರ ರುದ್ರಾರಾಧ್ಯರ ಮನೆಯ ಹಾಲ್‌ನಲ್ಲಿ ಜಮಖಾನ ಹಾಸಿ ಎರಡೂ ಸಂಘದವರು ಎದುರು ಬದುರು ಕೂತರು. ಹೇಗೆ ಶುರುಮಾಡಬೇಕೆಂದು ಯಾರಿಗೂ ತಿಳಿಯದೆ, ಕೊನೆಗೆ ಎಲ್ಲರಿಗೂ ಬರುವುದು ಮದುವೆ ಮಾತುಕತೆಯೊಂದೇ ಆದ್ದರಿಂದ ಹಾಗೇ ಶುರುವಾಯಿತು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಬಂದವು. ನನ್ನನ್ನೂ ಅಕ್ಕನನ್ನೂ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಬಾಗಿಲ ಸಂದಿಯಿಂದ ಎಲ್ಲ ಕೇಳುತ್ತಿತ್ತು.

"ಹುಡುಗಿ ಹೇಗೆ ಓಡಿಸ್ತಾಳೆ?" ಎಂದು ರುದ್ರಾರಾಧ್ಯರು ಕೇಳಿದರು. ಅಕ್ಕನಿಗೆ ಆಗ ತಲೆಯ ಮುಂಭಾಗವೆಲ್ಲ ನರೆತಿತ್ತು.

"ನಿಮ್ಮ ಹುಡುಗರ ಹಾಗೇ" ಎಂದರು ಲೋಲಾಕ್ಷಮ್ಮ.

"ಹಾಗಾದ್ರೆ ನಮ್ಮಲ್ಲಿ ಹೊಂದ್ಕೋತಾಳೆ. ಇಷ್ಟು ಜನದ ಮಧ್ಯೆ ಒಬ್ಬಳದು ಏನು ಗೊತ್ತಾಗತ್ತೆ."

"ಧರಣೇಂದ್ರನ್ನ ಬಿಟ್ಕೊಡೋಕೆ ನಿಮಗೇನೂ ಬೇಜಾರಿಲ್ವಾ?"

"ಅವನು ನಮ್ಮಲ್ಲಿದ್ದ ಅನ್ನೋದೇ ಯಾರಿಗೂ ಗೊತ್ತಾಗಿಲ್ಲ ಬಿಡಿ ತಾಯಿ."

ಕೋಣೆಯಲ್ಲಿ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ಬೇಸರವಾಯಿತು. ಇಷ್ಟು ವರ್ಷ ಒಂದು ಗೀರೂ ಹಂಚದೆ ಎಲ್ಲರ ಗೀರು ಹೊತ್ತವನಿಗೆ ಸಿಕ್ಕ ಬೀಳ್ಕೊಡುಗೆ ಇದು. ಷರತ್ತುಗಳು ಗೊತ್ತಾದವು. ಗಂಡಸರ ಸಂಘದ ವರ್ಷದ ಊಟಕ್ಕೆ ಅಕ್ಕನ ಬಿಸಿಬೇಳೆಬಾತು ಬರಬೇಕು. ಅಕ್ಕ ಒಳಗಿನಿಂದಲೇ, ನನ್ನ ಕೀ ಯಾರೂ ಕೇಳಬಾರದು ಎಂದು ಕೂಗಿದಳು. "ನಮ್ಮ ಸಂಘ ಇವತ್ತಿನವರೆಗೆ ಯಾರ ಕೀಯನ್ನೂ ಇಸ್ಕೊಂಡಿಲ್ಲಮ್ಮ" ಎಂದು ರುದ್ರಾರಾಧ್ಯರು ಹೆಮ್ಮೆಯಿಂದಲೇ ಹೇಳಿದರು. ಲೋಲಾಕ್ಷಮ್ಮನವರದು ಒಂದೇ ಮಾತು. ಧರಣೇಂದ್ರ ಹೆಂಗಸರಿಗೆ ಒಂದೇ ಒಂದು ಪಾಲು ಹಂಚಿದರೂ ವ್ಯವಹಾರ ಮುರಿಯಿತು, ಅವನು ಗಂಡಸರಿಗೆ ವಾಪಸ್, ಕುಸುಮಾ ಹೆಂಗಸರಿಗೆ ವಾಪಸ್, ಬರುವಾಗ ಕೀ ಕೈಯಲ್ಲಿ ಹಿಡಿದುಕೊಂಡು ಬರಬೇಕು. ಎರಡೂ ಕಡೆಯವರು ತಟ್ಟೆ ಬದಲಾಯಿಸಿಕೊಂಡರು.

ಊರು ಒಪ್ಪಿದ್ದನ್ನು ತಗಡೂ ಒಪ್ಪುತ್ತದೆಯೇ ಎಂದು ಎಲ್ಲರಿಗೂ ಅನುಮಾನವಿತ್ತು. ಆ ವಾರವೇ ಗೊತ್ತಾಯಿತು. ಕೆರೆ ಏರಿಯ ಹುಡುಗನೊಬ್ಬ ಮೋರಿಕಟ್ಟೆಗೆ ಗುದ್ದಿದ. ಬೆಳಿಗ್ಗೆ ಗಂಡಸರ ಕಾರುಗಳಿಗೆಲ್ಲ ಮೂತಿಯ ಮೇಲೆ ಒಂದು ಗುಳಿ. ನನ್ನ ಕಾರಿಗೆ ಏನೂ ಇಲ್ಲ. ನಾನು ಮೂರು ಸಲ ಸುತ್ತು ಹಾಕಿ, ಮಂಡಿಯೂರಿ ಅಡಿಯಲ್ಲೂ ನೋಡಿದೆ. ಅಕ್ಕನ ವ್ಯಾನಿಗೆ ಬಂತೋ ಇಲ್ಲವೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ, ಏಕೆಂದರೆ ಒಳಗಿನಿಂದ ಹಂಡೆ ಕೊಳಗಗಳು ಬಡಿದು ಬಡಿದು ಅದರ ತಗಡು ಮೊದಲೇ ಎಲ್ಲ ಕಡೆ ಉಬ್ಬಿತ್ತು. ರುದ್ರಾರಾಧ್ಯರು ಒಂದು ಉಬ್ಬನ್ನು ತೋರಿಸಿ, ಇದೇ ಅದು ಎಂದು ತೀರ್ಪು ಕೊಟ್ಟರು. ನನಗಂತೂ ಅದರ ಯೋಚನೆಯೇ ಇರಲಿಲ್ಲ. ಅವತ್ತೇ ಕಾರನ್ನು ಇನಾಯತನ ಶೆಡ್ಡಿಗೆ ಬಿಟ್ಟು, ಹಳೆಯ ಗುಳಿಗಳನ್ನೆಲ್ಲ ಎತ್ತಿಸಿ, ಕೆನೆ ಬಣ್ಣ ಹೊಡೆಸಿದೆ. ಅದು ಶೆಡ್ಡಿನಿಂದ ಹೊರಗೆ ಬಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಇನಾಯತ್ ತಿನ್ನರಿನ ಘಾಟಿರಬೇಕು ಎಂದುಕೊಂಡು ಕುರ್ಚಿ ಹೊರಗೆ ಹಾಕಿಕೊಟ್ಟ.

ಹೊಸ ಸಂಸಾರಕ್ಕೆ ಇಬ್ಬರೂ ಹೊಂದಿಕೊಂಡೆವು. ಹೆಂಗಸರ ಸಂಘದವರು ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯತೊಡಗಿದರು. ಕರೆಯದಿದ್ದರೆ ಪಾಲಿಗೆ ಬೇಕು ಪ್ರಸಾದಕ್ಕೆ ಬೇಡವೇ ಎಂದು ಯಾರಾದರೂ ಅನ್ನಬಹುದೆಂದು ಅವರಿಗೆ ಅಳುಕು. ಎಲ್ಲರಿಗೂ ಕೊಟ್ಟ ಹಾಗೆ ನನಗೂ ತೆಂಗಿನಕಾಯಿ, ರವಿಕೆ ಕಣ ಕೊಡುತ್ತಿದ್ದರು. ಕಣಗಳನ್ನು ನಾನು ಅಂಗಡಿಯಲ್ಲಿ ಕನ್ನಡಕ ಒರೆಸಲು ಇಟ್ಟುಕೊಂಡೆ. ಅಕ್ಕ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರುವಂತಾದಳು. ಮೊದಮೊದಲು ಅವಳು ಬಂದರೆ ಹುಡುಗರು ಎದ್ದು ನಿಲ್ಲುತ್ತಿದ್ದರಂತೆ. ಆಮೇಲೆ ಕೆರೆ ಏರಿಯ ತಿರುವನ್ನು ಯಾವ ಗೇರಿನಲ್ಲಿ ತೆಗೀಬೇಕು ಅಕ್ಕ ಎಂದು ಕೇಳತೊಡಗಿದರು. ವಿಚಿತ್ರವೆಂದರೆ ಆ ದಿನಗಳಲ್ಲಿ ಅವಳು ಏನನ್ನೂ ಮುಟ್ಟಲಿಲ್ಲ. "ಹೊಸ ಮನೆಗೆ ಬಂದ ದಿನಾನೇ ಪಾತ್ರೆ ಬೀಳ್ಸಿದ್ರೆ ಚೆನ್ನಾಗಿರಲ್ಲ ಕಣೋ" ಎಂದಳು. ಗಂಡಸರಿಗೆ ಇದರಿಂದ ಸ್ವಲ್ಪ ನಿರಾಸೆಯೇ ಆಗಿತ್ತು.

ಎಡವಟ್ಟು ಮಾಡಿದ್ದು ನಾನು. ರೈಸ್ ಮಿಲ್ಲಿನವರ ಮದುವೆಯ ಹಿಂದಿನ ದಿನ ಲೋಲಾಕ್ಷಮ್ಮನವರ ಮನೆಯಲ್ಲಿ ಅರಿಶಿನ ಕುಂಕುಮವಿತ್ತು. ವಯಸ್ಸಾದ ಹೆಂಗಸರನ್ನು ಕಾರಿನಲ್ಲಿ ಕರೆದೊಯ್ಯುವ ಸರದಿ ಸಂಘದಲ್ಲಿ ಎಲ್ಲರಿಗೂ ಬರುತ್ತದೆ, ಅವತ್ತು ನನಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಮೂವರು, ಮುಂದೆ ಒಬ್ಬರು, ಎಲ್ಲ ರೇಷ್ಮೆ ಸೀರೆ. ಲೋಲಾಕ್ಷಮ್ಮನವರ ಗೇಟಿನ ಮುಂದೆ ನಲ್ಲಿ ಪೈಪಿಗೆ ಅಗೆದು ಕೆಸರಾಗಿತ್ತು. ಸೀರೆ ಹಾಳಾಗದಂತೆ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಮೆಟ್ಟಿಲಿಗೇ ಹಚ್ಚಬೇಕಿತ್ತು. ಎಂದಿನಂತೆ ಇಳಿದು ನೋಡಲು ಬಾಗಿಲು ತೆರೆದೆ.

"ಎಲ್ಲಿಗೆ ಹೋಗ್ತೀಯಪ್ಪ ಆ ಕೆಸರಲ್ಲಿ? ನಾವಿಲ್ವಾ ನೋಡೋಕೆ? ಬಾ" ಎಂದರು ಹಿಂದಿನವರು.

ನಾನು ಕಾಲು ಒಳಗೆ ಎಳೆದುಕೊಂಡೆ. "ಬಾ ಬಾ, ಇನ್ನೂ ಬೇಕಾದಷ್ಟು ಜಾಗ ಇದೆ" ಎನ್ನುತ್ತಲೇ ಇದ್ದರು. ಕನ್ನಡಿಯಲ್ಲಿ ಅವರ ತಲೆಗಳು, ಹೂವು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವರು ಹಿಂದೆ ನೋಡುತ್ತಿರಲಿಲ್ಲ, ಒಬ್ಬರ ಹೊಸ ಬಳೆಯನ್ನು ಇನ್ನಿಬ್ಬರು ನೋಡುತ್ತಾ ಬಾ ಬಾ ಎನ್ನುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಜೀವಮಾನದಲ್ಲಿ ಮೊದಲ ಸಲ ನಾನು ಇನ್ನೊಬ್ಬರ ಮಾತು ನಂಬಿ ರಿವರ್ಸ್ ತೆಗೆದಿದ್ದೆ. ಹಳದಿ ಸುಣ್ಣ ಬಳಿದ ಗೇಟಿನ ಕಂಬಕ್ಕೆ ಹೋಗಿ ಬಡಿಯಿತು. ಡಿಕ್ಕಿಯ ಬಾಗಿಲು ಒಳಕ್ಕೆ ಮಡಚಿಕೊಂಡಿತು. ಲೋಲಾಕ್ಷಮ್ಮನವರು ಕುಂಕುಮದ ಬಟ್ಟಲು ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತಿದ್ದರು. ಬೈಯಲಿಲ್ಲ. "ಒಳಗೆ ಬಾ, ಕೋಸಂಬರಿ ತಗೋ. ಬೆಳಿಗ್ಗೆ ನೋಡೋಣ" ಎಂದರು.

ಮನೆಗೆ ಬಂದಾಗ ಅಕ್ಕ ಮದುವೆಯ ಅಡುಗೆಗೆ ಬೇಳೆ ಆರಿಸುತ್ತಿದ್ದಳು. ಹೇಳಿದೆ. ಬೆಳಿಗ್ಗೆ ಹೆಂಗಸರ ಕಾರುಗಳಿಗೆಲ್ಲ ಹಳದಿ ಗುಳಿ ಬೀಳುತ್ತದೆ, ತಟ್ಟೆ ಬದಲಾಯಿಸಿದ್ದು ಮುರಿಯುತ್ತದೆ, ಅವಳ ಕೀ ಹೋಗುತ್ತದೆ, ಅದೂ ಮದುವೆಯ ದಿನವೇ. ಇಷ್ಟನ್ನೂ ಅವಳಿಗೆ ವಿವರಿಸಬೇಕಾಗಿರಲಿಲ್ಲ.

"ಯಾರಿಗಾದ್ರೂ ಏಟಾಯ್ತಾ?"

"ಇಲ್ಲ."

"ನಿಂಗೆ?"

"ಇಲ್ಲಕ್ಕ."

"ಹಾಗಾದ್ರೆ ಊಟ ಮಾಡು."

ನನಗೆ ಬಡಿಸಿ, ಸೊಂಟದಿಂದ ಕೀ ತೆಗೆದು, ಸೆರಗಿನಲ್ಲಿ ಒರೆಸಿ ದೇವರ ಗೂಡಿನಲ್ಲಿಟ್ಟಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು.

ಬೆಳಕು ಹರಿಯುವ ಮೊದಲೇ ಬೀದಿಯಲ್ಲಿ ಬಾಗಿಲುಗಳು ತೆರೆದವು. ನಾಗರತ್ನಮ್ಮ ಕಾರಿನ ಹಿಂಬದಿಯನ್ನು ಕೈಯಿಂದ ಸವರಿ ನೋಡಿದರು, ಏನೂ ಇಲ್ಲ. ಟೀಚರಮ್ಮನ ಕಾರಿಗೂ ಇಲ್ಲ. ಲೋಲಾಕ್ಷಮ್ಮನವರು ತಮ್ಮ ಕಾರು ನೋಡಿಕೊಂಡು, ಬರುವ ದಾರಿಯಲ್ಲಿ ಉಳಿದವರ ಕಾರುಗಳನ್ನೂ ನೋಡಿಕೊಂಡು ಬಂದರು. ಯಾವುದಕ್ಕೂ ಒಂದು ಗೀರಿಲ್ಲ. ಹಾಗಾದರೆ ಗಂಡಸರಿಗೇ ಹೋಗಿರಬೇಕು ಎನ್ನುವಷ್ಟರಲ್ಲಿ ರುದ್ರಾರಾಧ್ಯರು ಪಂಚೆ ಎತ್ತಿ ಕಟ್ಟಿಕೊಂಡು ಬಂದು ತಮ್ಮಲ್ಲೂ ಇಲ್ಲ ಎಂದರು. ನನ್ನ ಕೆನೆ ಬಣ್ಣದ ಕಾರಿನ ಡಿಕ್ಕಿ ಏನೂ ನಡೆದೇ ಇಲ್ಲವೆಂಬಂತೆ ನಯವಾಗಿತ್ತು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಆಗ ಹಿತ್ತಲಿನಿಂದ ಅಕ್ಕನ ದನಿ ಕೇಳಿತು. "ಧರಣಿ, ಬಾ ಇಲ್ಲಿ."

ವ್ಯಾನಿನ ಹಿಂದಿನ ಬಾಗಿಲು ಒಳಕ್ಕೆ ಹೋಗಿತ್ತು. ಗೇಟಿನ ಕಂಬದ ಮೂಲೆ, ಹಳದಿ ಸುಣ್ಣ, ಎಲ್ಲ ಅಲ್ಲೇ ಅಚ್ಚೊತ್ತಿತ್ತು. ಬೆಳಗಾದ ಮೇಲೂ ಪೂರ್ತಿಯಾಗಿ ಒಂದೇ ಗಾಡಿಯಲ್ಲಿ ಉಳಿದ ಡೆಂಟನ್ನು ನಮ್ಮೂರಿನವರು ಯಾರೂ ನೋಡಿರಲಿಲ್ಲ. ಗಲಾಟೆ ಮಾಡುತ್ತಾ ಬಂದವರು ಅದರ ಸುತ್ತ ಒತ್ತೊತ್ತಾಗಿ ನಿಂತು ನೋಡಿದರು. ಲೋಲಾಕ್ಷಮ್ಮನವರು ಬಗ್ಗಿ ಬೆರಳಿನಿಂದ ಸುಣ್ಣ ಕೆರೆದು ನೋಡಿದರು.

"ಅಷ್ಟೂ ಇಲ್ಲೇ ಬಂದಿದೆ" ಎಂದರು.

"ಹಾಗಾದ್ರೆ ಇವರಿಬ್ಬರೂ ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ" ಎಂದರು ರುದ್ರಾರಾಧ್ಯರು. ತಾವು ತೀರ್ಪು ಕೊಟ್ಟಿದ್ದ ಹಳೆಯ ಉಬ್ಬಿನ ಕಡೆ ಓರೆಗಣ್ಣಿನಲ್ಲಿ ನೋಡಿ ಮುಖ ತಿರುಗಿಸಿಕೊಂಡರು.

ಅಕ್ಕ ಆಗಲೇ ಹುಳಿಯ ಹಂಡೆಗಳನ್ನು ಒಳಗೆ ಏರಿಸಿಯಾಗಿತ್ತು. ಮುಚ್ಚದ ಬಾಗಿಲನ್ನು ನೀರು ಸೇದುವ ಹಗ್ಗದಿಂದ ಬಿಗಿಯುತ್ತಾ, "ಇವನು ಮಾಡಿದ್ದು ನಂಗೆ ಬರದೆ ಇನ್ಯಾರಿಗೆ ಬರತ್ತೆ ಮೇಡಂ? ನೀವು ಸ್ಕೂಲಲ್ಲಿ ಇವನು ಲೆಕ್ಕ ತಪ್ಪು ಮಾಡಿದ್ರೆ ನನ್ನನ್ನೇ ಕರೀತಿದ್ರಲ್ಲ" ಎಂದಳು. ಇಡೀ ಊರಿನ ಗಂಡಸರು ಹಂಚಿಕೊಳ್ಳದ್ದನ್ನು, ಇಡೀ ಊರಿನ ಹೆಂಗಸರು ಹಂಚಿಕೊಳ್ಳದ್ದನ್ನು ಇವಳೊಬ್ಬಳೇ ಹೊತ್ತಿದ್ದಳು, ಹೊತ್ತುಕೊಂಡು ಮದುವೆಗೆ ಹೊರಟಿದ್ದಳು.

ಲೋಲಾಕ್ಷಮ್ಮನವರು ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಧರಣೇಂದ್ರ, ಸರಿಯಾಗಿ ಯೋಚನೆ ಮಾಡಿ ಹೇಳು. ನಿಂದು ಅವಳಿಗೆ ಬಂತು ಅಂದ್ರೆ, ಅವಳದ್ದು ನಿನಗೇ ಬರತ್ತೆ. ಊರಿಗೆಲ್ಲ ಹಂಚಿ ಹೋಗಲ್ಲ, ಅಷ್ಟೂ ನಿನ್ನ ಗಾಡಿಗೇ. ನಿನಗೆ ಬೇಡ ಅಂದ್ರೆ ಈಗಲೇ ಹೇಳು. ಸಂಘ ಕೀ ಇಸ್ಕೊಳ್ಳತ್ತೆ, ನಿನ್ನ ಗಾಡಿ ಹೀಗೇ ಇರತ್ತೆ. ಬೇಕು ಅಂದ್ರೆ ಇನ್ಮೇಲೆ ನಾವ್ಯಾರೂ ಈ ಮನೆಗೆ ಕೀ ಕೇಳೋಕೆ ಬರಲ್ಲ."

ನಾನು ನನ್ನ ಕಾರನ್ನು ನೋಡಿದೆ. ಎಳೆ ಬಿಸಿಲು ಅದರ ಮೇಲೆ ಬಿದ್ದಿತ್ತು. ಸುಳ್ಳು ಯಾಕೆ ಹೇಳಲಿ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಎಷ್ಟೋ ವರ್ಷ ಬೇರೆಯವರ ಗುಳಿಗಳ ಒಳಗೆ ಕೂತು ಓಡಾಡಿದವನಿಗೆ ಮೊನ್ನೆ ಮೊನ್ನೆ ಸಿಕ್ಕ ಗಾಡಿ ಅದು. ಅಕ್ಕ ಎಂಥ ಡ್ರೈವರು ಎಂಬುದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ಅವಳ ಕೈ ಹಗ್ಗದ ಗಂಟಿನ ಮೇಲೆ ನಿಂತುಬಿಟ್ಟಿತ್ತು. ಶೆಡ್ಡಿನ ಬಾಗಿಲಲ್ಲಿ ಆ ಮೂವರು ಹೆಂಗಸರೂ ಸೌಟು ಹಿಡಿದುಕೊಂಡು ನಿಂತಿದ್ದರು.

"ಕೀ ಅವಳ ಹತ್ರಾನೇ ಇರಲಿ ಮೇಡಂ" ಎಂದೆ.

ಅಕ್ಕ ಗಂಟು ಬಿಗಿದಳು. ದೇವರ ಗೂಡಿನಿಂದ ಕೀ ತಂದು, ವ್ಯಾನು ಹತ್ತಿ ಸ್ಟಾರ್ಟ್ ಮಾಡಿದಳು. ಇಷ್ಟು ದಿನ ಪರರ ಮನೆಯಲ್ಲಿ ತಡೆದು ತಡೆದು ನಡೆದವಳ ಕಾಲಿಗೆ ಅವತ್ತು ಬಿಡುಗಡೆಯಾಗಿತ್ತು. ವ್ಯಾನು ಹಾರಿಕೊಂಡೇ ಹಿತ್ತಲಿಂದ ಬೀದಿಗೆ ಬಂತು, ಗೇಟಿನ ಹತ್ತಿರ ತಿರುಗಿತು, ತಿರುಗುವಾಗ ಅದರ ಎಡಮೈ ನಮ್ಮ ಮನೆ ಮುಂದಿನ ಕಲ್ಲುಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ಉಜ್ಜಿಕೊಂಡು ಹೋಯಿತು. ಆ ಸದ್ದಿಗೆ ನಾಗರತ್ನಮ್ಮ ಕಿವಿ ಮುಚ್ಚಿಕೊಂಡರು. ವ್ಯಾನು ನಿಂತಿತು. ಹಿಂದೆಯೇ ಬೀದಿಗೆ ಬಂದವರೆಲ್ಲ ಮೊದಲು ವ್ಯಾನಿನ ತಗಡು ನೋಡಿದರು, ಆಮೇಲೆ ನನ್ನ ಕಾರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಚಿಕ್ಕವಳಿದ್ದಾಗ ಅಮ್ಮನ ಉಪ್ಪಿನಕಾಯಿ ಜಾಡಿ ಒಡೆದ ದಿನ ಅವಳ ಮುಖ ಹಾಗಿತ್ತು.

"ಧರಣಿ," ಎಂದಳು.

ನಾನು ವ್ಯಾನಿನ ಹತ್ತಿರ ಹೋಗಿ ಅವಳ ಕಿಟಕಿಯ ಮೇಲೆ ಕೈಯಿಟ್ಟೆ.

"ಹೋಗಕ್ಕ, ಹುಳಿ ಆರತ್ತೆ" ಎಂದೆ.